ಟ್ರ್ಯಾಕ್ಟರ್ ಟಾಯರಿನ ಮೇಲೆ ಒಂದು ವಾರದ ಬಿಪಿ

ಊರಿನ ಹೆಸರು ಸಾಂಬ್ರಾಣಿ. ಹೆಸರು ಕೇಳಿ ಪರಿಮಳದ ಆಸೆಯಿಂದ ಬಂದವರಿಗೆ ಕ್ರಾಸಿನಲ್ಲಿ ಮೊದಲು ಎದುರಾಗುವುದು ಬಂದೇನವಾಜನ ಪಂಕ್ಚರ್ ಅಂಗಡಿ, ಮೂಗಿಗೆ ಬಡಿಯುವುದು ಕಾದ ರಬ್ಬರಿನ ಹೊಗೆ. ಹಳಿಯಾಳದ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರು, ದಾಂಡೇಲಿಯಿಂದ ಬರುವ ಕಾಗದದ ಲಾರಿ, ಮದುವೆಗೆ ತಡವಾದ ಟೆಂಪೋ, ಯಾರು ಬಂದು ಹಾರ್ನ್ ಒತ್ತಿದರೂ ಅವನದು ಒಂದೇ ಉತ್ತರ: "ಬಂದೆ, ಬಂದೆ!" ಹೆಸರಿನ ಮೊದಲರ್ಧವನ್ನು ಹಿರಿಯರು ಅದಕ್ಕೆಂದೇ ಇಟ್ಟಿದ್ದರೆಂದು ಊರವರ ನಂಬಿಕೆ.

ಬಂದೇನವಾಜನಿಗೆ ಐವತ್ತೆರಡು ವರ್ಷ. ಆಧಾರ್ ಕಾರ್ಡಿನ ಪ್ರಕಾರ ಜೂನ್ ಒಂದರಂದು ಹುಟ್ಟಿದವನು. ಶಾಲೆಗೆ ಹೆಸರು ಹಚ್ಚಿಕೊಂಡ ಮಾಸ್ತರರು ಅರ್ಧ ಊರನ್ನೇ ಆ ದಿನ ಹುಟ್ಟಿಸಿಬಿಟ್ಟಿದ್ದರು. ಆದರೆ ಐವತ್ತೆರಡು ಎಂಬ ಅಂಕಿ ಅವನಿಗೆ ಸೇರುತ್ತಿರಲಿಲ್ಲ. ಅವನ ಅಬ್ಬಾ ಐವತ್ತೆರಡರಲ್ಲಿ ಇದೇ ಅಂಗಡಿಯಲ್ಲಿ ಲಾರಿಯ ಟಾಯರು ಬಿಚ್ಚುತ್ತಿದ್ದಾಗ ಬಲಗೈಯೊಳಗಿನ ಕಬ್ಬಿಣದ ಲಿವರು ಠಣ್ಣೆಂದು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ ಅಬ್ಬಾ ಕೂಡ ಬಿದ್ದರು. ಲಕ್ವಾ ಹೊಡೆದಿತ್ತು. ಆಮೇಲೆ ಒಂಬತ್ತು ವರ್ಷ ಅಂಗಡಿಯ ಹಿಂದಿನ ಮನೆಯಲ್ಲಿ ಮಂಚದ ಮೇಲೆ ಕೂತು ಎಡಗೈಯಿಂದ ಚಹಾ ಬಸಿಗೆ ಸುರುವಿಕೊಳ್ಳುತ್ತಿದ್ದರು; ಅರ್ಧ ಬಸಿಗೆ, ಅರ್ಧ ಲುಂಗಿಗೆ. ಅಬ್ಬಾಗೆ ಬಿಪಿ ಇತ್ತೆಂಬ ಸುದ್ದಿ ಮನೆಯವರಿಗೆ ತಿಳಿದದ್ದೇ ಅವರು ಬಿದ್ದ ಮೇಲೆ.

ಹೀಗಾಗಿ ಬಂದೇನವಾಜ ಊರಿನ ಎಲ್ಲ ಚಕ್ರಗಳ ಗಾಳಿ ನೋಡಿದ, ತನ್ನದೊಂದನ್ನು ಬಿಟ್ಟು. ನೋಡದೆ ಇದ್ದರೆ ಇರುವುದಿಲ್ಲ ಎಂಬುದು ಅವನ ಸಿದ್ಧಾಂತ. ಗಿರಾಕಿಗಳು ಪಂಕ್ಚರಿನ ಬಗ್ಗೆ ಇದೇ ಸಿದ್ಧಾಂತ ಹೇಳಿದಾಗ ಮಾತ್ರ ಅವರಿಗೆ ಬೈಯುತ್ತಿದ್ದ.

ಡಿಸೆಂಬರಿನ ಒಂದು ಮಧ್ಯಾಹ್ನ ಊರಿನ ಆರೋಗ್ಯ ಉಪಕೇಂದ್ರದ ಸಿಸ್ಟರ್ ಸಹನಾ ಸ್ಕೂಟರು ತಳ್ಳಿಕೊಂಡು ಬಂದಳು. ಹಿಂದಿನ ಚಕ್ರ ನೆಲ ಕಚ್ಚಿತ್ತು.

"ಚಾಚಾ, ರೋಡಿನ್ಯಾಗ ಮೊಳಿ ನೀವ ಒಗದೀರಿ, ಹೌದಿಲ್ಲೊ ಹೇಳ್ರಿ."

"ತೌಬಾ ತೌಬಾ! ನಾ ಒಗದಿದ್ರ ಅಂಗಡಿ ಮುಂದನ ಒಗೀತಿದ್ದೆ ಸಿಸ್ಟರ್. ನಿಮ್ಮನ್ನ ಅರ್ಧಾ ಕಿಲೋಮೀಟರ ಯಾಕ ದಬ್ಬಸ್ತಿದ್ದೆ?"

ಟಾಯರಿನಿಂದ ಬೆರಳುದ್ದದ ಮೊಳೆ ಬಂತು. ಟ್ಯೂಬಿಗೆ ಹಚ್ಚಿದ ಸೊಲ್ಯೂಷನ್ ಒಣಗಲು ಐದು ನಿಮಿಷ ಬೇಕು. ಸುಮ್ಮನೆ ಕೂರುವ ಜಾಯಮಾನ ಸಹನಾಳದಲ್ಲ. ಬ್ಯಾಗಿನಿಂದ ಬಿಪಿ ಯಂತ್ರ ತೆಗೆದಳು.

"ಮೂವತ್ತ ದಾಟಿದವ್ರದೆಲ್ಲಾ ನೋಡಬೇಕಂತ ಐತಿ. ತ್ವಾಳ ಕೊಡ್ರಿ."

ನಲವತ್ತು ವರ್ಷ ಸುತ್ತಿಗೆ ಬೀಸಿದ ತೋಳು. ಮೊದಲ ಪಟ್ಟಿ ಸುತ್ತಿದರೆ ತುದಿಗೆ ತುದಿ ಮುಟ್ಟಲಿಲ್ಲ. ಸಹನಾ ದೊಡ್ಡ ಪಟ್ಟಿ ತೆಗೆದಳು. "ಸಣ್ಣದು ಹಾಕಿದ್ರ ಇಲ್ಲದ್ದ ಹೆಚ್ಚ ತೋರಸ್ತೈತಿ" ಎಂದಳು. ಟಾಯರಿಗೆ ತಕ್ಕ ಟ್ಯೂಬು ಹಾಕುವ ಹುಡುಗಿ ಎಂದು ಬಂದೇನವಾಜನಿಗೆ ಅವಳ ಮೇಲೆ ಗೌರವ ಹುಟ್ಟಿತು. ಯಂತ್ರ ಗುರ್‍ರೆಂದು ಉಬ್ಬಿ, ಸುಯ್ಯೆಂದು ಇಳಿದು, ಎರಡು ಅಂಕಿ ತೋರಿಸಿತು: ನೂರ ಅರವತ್ತೆಂಟು, ನೂರ ನಾಲ್ಕು.

ಅಂಕಿಗಳ ಭಾಷೆ ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. "ನೂರಾ ಅರವತ್ತೆಂಟ? ಲೋಡ್ ಲಾರಿಗೂ ಅಷ್ಟ ಹಾಕೂದಿಲ್ರಿ ಸಿಸ್ಟರ್! ನೂರಾ ಇಪ್ಪತ್ತಕ್ಕ ಬಂದ್ ಮಾಡ್ತೇನಿ ನಾ."

"ನಮ್ಮದೂ ನೂರಾ ಇಪ್ಪತ್ತಕ್ಕನ ಚಲೋ ಚಾಚಾ."

ಬಂದೇನವಾಜನ ಎದೆಯಲ್ಲಿ ಲಿವರು ಬಿದ್ದ ಸದ್ದಾಯಿತು. ಆದರೆ ಬಾಯಿ ಸೋಲಲಿಲ್ಲ. "ನೋಡ್ರಿ, ಓಡಿ ಬಂದ ಟಾಯರಿಂದು ಗಾಳಿ ನೋಡಬಾರ್ದು. ಬಿಸಿಗೆ ಉಬ್ಬಿರ್ತೈತಿ. ತಣ್ಣಗ ಆದಮ್ಯಾಲ ನೋಡಬೇಕು. ನಾ ಮುಂಜಾನಿಂದ ನಾಕ ಟಾಯರ್ ಬಿಚ್ಚೇನಿ, ಎರಡ ಬೀಡಿ ಸೇದೇನಿ. ನಾ ಈಗ ಬಿಸಿ ಟಾಯರು."

"ಮಾತ ಖರೆ ಐತಿ," ಎಂದಳು ಸಹನಾ, ವಾದ ಮಾಡದೆ. "ಅದಕ್ಕ ಡಾಕ್ಟರ್ ಕಡೆ ಹೋಗಿ ತಣ್ಣಗ ಕುಂತು ತೋರಿಸ್ರಿ."

ಅವನು ಹೋಗುತ್ತಿರಲಿಲ್ಲ. ಹಿಂದಿನ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಮುಮ್ತಾಜ ಎಲ್ಲ ಕೇಳಿಸಿಕೊಂಡಿದ್ದಳು. ಮಾವನ ಲುಂಗಿಗೆ ಬಿದ್ದ ಚಹಾದ ಕಲೆಗಳನ್ನು ಒಂಬತ್ತು ವರ್ಷ ಒಗೆದವಳು ಅವಳು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ತಾನೇ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

ದವಾಖಾನೆಯಲ್ಲಿ ಒಂದೂವರೆ ತಾಸು ಸರದಿ. ಮೇಲೆ ಫ್ಯಾನು, ಬೆನ್ನಿಗೆ ಗೋಡೆ. ಸುತ್ತಿಗೆ ಇಲ್ಲ, ಬೀಡಿ ಇಲ್ಲ, "ಬಂದೆ, ಬಂದೆ" ಎಂದು ಒದರುವ ಅಗತ್ಯವಿಲ್ಲ. ಬಂದೇನವಾಜ ಎಷ್ಟೋ ವರ್ಷಗಳ ಮೇಲೆ ಹಗಲಿನಲ್ಲಿ ಕೂತಲ್ಲೇ ಒಂದು ಕೋಳಿನಿದ್ದೆ ಮಾಡಿದ. ಎಬ್ಬಿಸಿ ಒಳಗೆ ಕರೆದಾಗ ಡಾಕ್ಟರ್ ಹರೀಶ ಎರಡೆರಡು ಸಲ ನೋಡಿದರು. ನೂರ ಇಪ್ಪತ್ತಾರು, ಎಂಬತ್ತು.

ಚುನಾವಣೆ ಗೆದ್ದವನಂತೆ ಮರಳಿದ. ದಾರಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಬಂದು, ಅಂಗಡಿಯ ಮುಂದೆ ನಿಂತಿದ್ದ ಡ್ರೈವರುಗಳಿಗೂ ಕೊಟ್ಟ, ಮೇಲೆ ಉಪ್ಪು ಉದುರಿಸಿ ತಾನೂ ತಿಂದ.

ವಾರದ ಮೇಲೆ ಸಹನಾ ಮತ್ತೆ ಬಂದು ಅಂಗಡಿಯಲ್ಲಿ ನೋಡಿದಳು: ನೂರ ಅರವತ್ತನಾಲ್ಕು. ಮತ್ತೆ ದವಾಖಾನೆಗೆ ಹೋದ: ನೂರ ಇಪ್ಪತ್ತನಾಲ್ಕು. ಈ ಹಾವು-ಏಣಿ ಆಟದಲ್ಲಿ ತಾನು ಗೆದ್ದೆನೋ ಸೋತೆನೋ ಬಂದೇನವಾಜನಿಗೆ ತಿಳಿಯಲಿಲ್ಲ. ಡಾಕ್ಟರು ಮಾತ್ರ ಯೋಚನೆಗೆ ಬಿದ್ದರು.

"ಕೆಲವ್ರಿಗೆ ನಮ್ಮನ್ನ ನೋಡಿದ ಕೂಡ್ಲೆ ಏರ್ತೈತಿ. ನಿಮಗ ಇಲ್ಲಿ ಇಳಿದು ಹೊರಗ ಏರ್ತೈತೋ ಏನೋ. ಇಲ್ಲಿ ನೀವು ಇರೂದು ಎರಡ ತಾಸು. ಉಳಿದ ದಿನಾ ಎಲ್ಲಿ ಇರ್ತೀರೋ ಅಲ್ಲಿ ನೋಡೂಣು. ಒಂದ ವಾರ ಮನ್ಯಾಗ ನೋಡಿ ಬರದು ತರ್ರಿ."

ಸಹನಾ ಉಪಕೇಂದ್ರದ ಒಂದು ಯಂತ್ರವನ್ನು ಎರವಲು ಕೊಟ್ಟಳು. ಹಿಂದಿನ ಒಂದು ಅಂಕಿ ಬಿಟ್ಟು ಬೇರೇನನ್ನೂ ನೆನಪಿಡದ ಹಳೆಯ ಯಂತ್ರ. ಈ ವಿಷಯದಲ್ಲಿ ಗಂಡಸರ ಜಾತಿ. ಜೊತೆಗೊಂದು ಕಾರ್ಡು ಕೊಟ್ಟು ಬಾಯಿಪಾಠ ಮಾಡಿಸಿದಳು. "ಮುಂಜಾನೆ ಎದ್ದು, ಮೂತ್ರಕ್ಕ ಹೋಗಿ ಬಂದು, ಚಾ ಬೀಡಿ ಎಲ್ಲಾ ಆಮ್ಯಾಲ. ಬೆನ್ನ ಗ್ವಾಡಿಗೆ, ಎರಡೂ ಪಾದ ನೆಲಕ್ಕ, ಕೈ ಎದಿ ಎತ್ತರಕ್ಕ ಟೇಬಲ್ ಮ್ಯಾಲ. ಐದ ನಿಮಿಷ ಸುಮ್ಮ ಕುಂತು, ಮಾತಿಲ್ಲ ಕತಿ ಇಲ್ಲ, ನೋಡ್ರಿ. ಒಂದ ನಿಮಿಷ ಬಿಟ್ಟು ಇನ್ನೊಮ್ಮೆ. ಸಂಜಿಕೂ ಹಂಗ ಎರಡು."

"ತಣ್ಣಗಿನ ಟಾಯರು ಅನ್ರಿ."

"ಅದ ಚಾಚಾ. ನಿಮ್ಮ ಕಾಯ್ದೆನ."

ಮನೆಯಲ್ಲಿ ಬೆನ್ನಿಗೆ ಗೋಡೆ ಸಿಗುವ ಜಾಗ ಒಂದೇ, ಅಬ್ಬಾನ ಮಂಚ. ಕೈಗೆ ಎತ್ತರ ಕೊಡುವುದು ಮುಮ್ತಾಜಳ ಹೊಲಿಗೆ ಟೇಬಲ್ಲು. ಎರಡು ದಿನ ಬಂದೇನವಾಜ ಅಲ್ಲಿ ಕೂತು ನೋಡಿದ, ಬರೆದ. ಕಾರ್ಡಿನಲ್ಲಿ ಮುತ್ತಿನಂಥ ಅಂಕಿಗಳು: ನೂರ ಇಪ್ಪತ್ತೆಂಟು, ನೂರ ಮೂವತ್ತು, ನೂರ ಇಪ್ಪತ್ತೊಂಬತ್ತು.

ಒಳಕೋಣೆಯಲ್ಲಿ ಬ್ಲೌಜಿಗೆ ಗುಂಡಿ ಹಚ್ಚುತ್ತಿದ್ದ ಮುಮ್ತಾಜಳ ಕಿವಿ ಯಂತ್ರಗಳಿಗೆ ಪಳಗಿದ ಕಿವಿ. ಎರಡನೆಯ ಸಂಜೆ ಹೊರಬಂದು ಸೊಂಟದ ಮೇಲೆ ಕೈಯಿಟ್ಟಳು.

"ಅಜೀ, ಆ ಮಶಿನ್ನು ಏಳ ಸರ್ತಿ ಗುರ್ ಅಂತು. ಕಾರ್ಡಿನ್ಯಾಗ ಎರಡ ಬರದೀರಿ. ಉಳಿದ ಐದು ಎಲ್ಲಿ ಹೋದ್ವು?"

"ಅವು ಹೆಚ್ಚ ಬಂದ್ವು."

"ಹೆಚ್ಚ ಬಂದ್ರ?"

"ಹೆಚ್ಚ ಬಂದ್ರ ಬಿಟ್ಟು ಮತ್ತ ನೋಡೂದು. ಉಸರ ಬಿಟ್ಟೆ, ನೀರ ಕುಡದೆ, ಇಳೀತು. ಇಳದದ್ದು ಬರದೆ."

ಇದರಲ್ಲಿ ಮೋಸವೇನೂ ಇರಲಿಲ್ಲ, ಇದ್ದದ್ದು ಕಸುಬು. ಟಾಯರಿನಲ್ಲಿ ಗಾಳಿ ಹೆಚ್ಚಿದ್ದರೆ ವಾಲ್ವಿನ ಪಿನ್ನು ಒತ್ತಿ ಸುಯ್ ಎಂದು ಬಿಡುವುದು, ಸರಿಯಾದ ಮೇಲೆ ಟಾಯರಿನ ಮೈಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯುವುದು. ಬಂದಾಗ ಎಷ್ಟಿತ್ತೆಂದು ಪಂಕ್ಚರಿನವರು ಯಾರೂ ಬರೆಯುವುದಿಲ್ಲ. ಕಳಿಸುವಾಗ ಎಷ್ಟಿದೆ ಎಂದು ಬರೆಯುತ್ತಾರೆ. ನಲವತ್ತು ವರ್ಷದಿಂದ ಅವನ ಕೈ ರಿಪೇರಿಯಾದ ಅಂಕಿಯನ್ನಷ್ಟೇ ಬರೆದಿತ್ತು.

ಆದರೆ ಮುಮ್ತಾಜಳ ಕಸುಬು ಬೇರೆ. "ನಾ ಸಿದ್ದಕ್ಕಗ ಬ್ಲೌಜ್ ಹೊಲ್ಯಾಗ ಟೇಪ್ ಹಿಡದು, ಆಕಿ ಎಷ್ಟ ಅದಾಳೋ ಅಷ್ಟ ಬರೀತೇನಿ. ಆಕಿಗೆ ಎಷ್ಟ ಇರಬೇಕಂತ ಆಸೆ ಐತೋ ಅಷ್ಟ ಬರದ್ರ ಮದವಿ ಮಂಟಪದಾಗ ಪರ್ ಅಂತ ಹರೀತೈತಿ. ಅಬ್ಬಾಜಾನಂದು ಹಂಗ ಹರೀತು." ಮಂಚದ ಕಡೆ ನೋಡಿದಳು. "ಬಂದದ್ದ ಬರೀರಿ. ರಿಪೇರಿ ಡಾಕ್ಟರ್ ಮಾಡ್ತಾರ."

ಟ್ಯೂಬಿನೊಂದಿಗೆ ಜೀವನ ಕಳೆದವನ ತಲೆಯಲ್ಲಿ ಟ್ಯೂಬ್‌ಲೈಟು ಹತ್ತಿದ್ದು ಆಗ. ನಾಚಿಕೆಯಾಗಿ ಕಾರ್ಡನ್ನು ಅಂಗಡಿಗೆ ಒಯ್ದು ಎಲ್ಲಿಯೋ ಇಟ್ಟ. ಇಟ್ಟದ್ದು ಸರಿಯಾಗಿ ಸೊಲ್ಯೂಷನ್ ಡಬ್ಬಿಯ ಪಕ್ಕ. ಬೆಳಗಾಗುವಷ್ಟರಲ್ಲಿ ಕಾರ್ಡಿನ ಎರಡು ಮಡಿಕೆ ಜನ್ಮಾಂತರಕ್ಕೂ ಬಿಡದಂತೆ ಅಂಟಿಕೊಂಡಿದ್ದವು. ಸೊಲ್ಯೂಷನ್ನೇ ಸಮಸ್ಯೆಯಾದ ಅಪರೂಪದ ಪ್ರಕರಣ.

ಹೊಸ ವಾರ ಶುರುವಾಯಿತು. ಬರೆಯಲು ಅವನಿಗೆ ಕೈಗೆ ಹತ್ತಿದ್ದು ಸೀಮೆಸುಣ್ಣ, ಕಣ್ಣಿಗೆ ಬಿದ್ದದ್ದು ಕರಿಬಸಪ್ಪನ ಟಾಯರು. ಕರಿಬಸಪ್ಪ ಕಬ್ಬು ಸಾಗಿಸುವ ಟ್ರ್ಯಾಕ್ಟರಿನವ. ಹಿಂದಿನ ದೊಡ್ಡ ಟಾಯರಿಗೆ ಕಲ್ಲು ಕೊಯ್ದಿದ್ದರಿಂದ ಬೇರೊಂದನ್ನು ಹಾಕಿಕೊಂಡು ಇದನ್ನು ರಿಪೇರಿಗೆ ಬಿಟ್ಟು ಹೋಗಿದ್ದ. ಎದೆಯೆತ್ತರದ ಆ ಟಾಯರು ಮತ್ತಿ ಮರಕ್ಕೆ ಒರಗಿ ನಿಂತಿತ್ತು. ಅದರ ಮೈಮೇಲೆ ಬಂದೇನವಾಜ ಗಡಿಯಾರದ ಅಂಕಿಗಳಂತೆ ಸುತ್ತಲೂ ಬರೆಯತೊಡಗಿದ: ನೂರ ಅರವತ್ತು–ತೊಂಬತ್ತೆಂಟು. ನೂರ ಐವತ್ತೆಂಟು–ನೂರು. ಬಂದದ್ದು ಬಂದಂತೆ. ಇಬ್ಬನಿಗೆ ಅಳಿಸದಂತೆ ಮುಮ್ತಾಜ ಸಂಜೆ ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದಳು. ಮಳೆಯಿಲ್ಲದ ಕಾಲದಲ್ಲಿ ಟಾಯರಿಗೆ ಹೊದಿಕೆ ಹೊದಿಸುವ ಹೆಂಗಸನ್ನು ಬಸ್ಸಿನವರು ಕಿಟಕಿಯಿಂದ ತಿರುಗಿ ನೋಡಿದರು.

"ನವಾಜಣ್ಣಾ, ಟ್ರ್ಯಾಕ್ಟರಿಗೆ ನೂರಾ ಅರವತ್ತ ಗಾಳಿ ಹಾಕೀಯಲ್ಲೊ, ರಾಕೆಟ್ ಏನದು?" ಎಂದು ಲಾರಿಯವನೊಬ್ಬ ಕೇಳಿದ.

"ಅದು ಟಾಯರಿಂದಲ್ಲೊ ಮಾರಾಯಾ, ನಂದು" ಎಂದ. ನಗುತ್ತಲೇ ಹೇಳಿದ, ಆದರೆ ಲಾರಿ ಹೋದ ಮೇಲೆ ತನ್ನ ಬಲಗೈಯನ್ನು ಮುಷ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ನೋಡಿದ.

ದಿನಕ್ಕೆರಡು ಸಲದ ಆ ಐದು ನಿಮಿಷದ ಮೌನ ಅವನಿಗೆ ಹೊಸದು. ಮಂಚದ ಮೇಲೆ ಕೂತಾಗ ಬೆನ್ನಿಗೆ ತಾಗುವ ಗೋಡೆಯ ಭಾಗ ನುಣುಪಾಗಿತ್ತು. ಅಬ್ಬಾನ ಬೆನ್ನು ಒಂಬತ್ತು ವರ್ಷ ತಿಕ್ಕಿದ ಜಾಗ. ಹಾರ್ನ್ ಹೊಡೆದರೂ ಅವನು "ಬಂದೆ" ಎನ್ನಲಿಲ್ಲ. ಅಬ್ಬಾನ ತೋಳಿಗೆ ಯಾರಾದರೂ ಹೀಗೆ ಒಂದು ವಾರ ಪಟ್ಟಿ ಸುತ್ತಿದ್ದರೆ, ಎಂದು ಯೋಚಿಸುವಷ್ಟರಲ್ಲಿ ಯಂತ್ರ ಗುರ್ ಎನ್ನುತ್ತಿತ್ತು.

ಏಳು ದಿನ ತುಂಬಿತು. ಟಾಯರಿನ ಸುತ್ತ ಇಪ್ಪತ್ತೆಂಟು ಜೋಡಿ ಅಂಕಿ. ಎಂಟನೆಯ ಬೆಳಿಗ್ಗೆ ಕಾಗದಕ್ಕೆ ಇಳಿಸಿಕೊಳ್ಳಬೇಕೆಂದು ಪೆನ್ನು ಹುಡುಕುತ್ತಿದ್ದಾಗ ಕರಿಬಸಪ್ಪನೇ ಟ್ರ್ಯಾಕ್ಟರು, ಖಾಲಿ ಟ್ರಾಲಿ ಸಮೇತ ಗುಡುಗುತ್ತ ಬಂದ.

"ನವಾಜಣ್ಣಾ, ಹಾಕ್ಕೊಂಡಿದ್ದ ಟಾಯರೂ ಇವತ್ತೊ ನಾಳೆ ಅನ್ನಾಕತ್ತೈತಿ. ನಂದು ಕೊಡು, ಕಬ್ಬ ಒಣಗಾಕತ್ತೈತಿ. ಇದೇನಿದು, ಟಾಯರ್ ಮ್ಯಾಲ ಪಂಚಾಂಗ ಬರದೀಯಲ್ಲ!"

ವಿಷಯ ಕೇಳಿ ಅವನೇ ಅವಸರಿಸಿದ. "ಹಾಳಿ ಮ್ಯಾಲ ಬರ್ಕೊ, ಎರಡ ನಿಮಿಷ." ಮೊಬೈಲಿನಲ್ಲಿ ಫೋಟೊ ಹೊಡೆಯಲೂ ನೋಡಿದ, ಬೆಳಗಿನ ಬಿಸಿಲಿಗೆ ಟಾಯರು ಮಿಂಚಿ ಅಂಕಿಗಳು ಬೀಳಲಿಲ್ಲ. ಬಂದೇನವಾಜ ಹಾಳೆಗೆ ಬರೆಯಲು ಕೂತ. ಮೂರನೆಯ ಅಂಕಿಗೆ ಮುಮ್ತಾಜ ಅವನ ಭುಜದ ಮೇಲಿಂದ ಇಣುಕಿದಳು.

"ಟಾಯರಿನ್ಯಾಗ ನೂರಾ ಐವತ್ತೆಂಟು ಐತಿ. ನೀವು ನೂರಾ ನಲವತ್ತೆಂಟು ಬರದೀರಿ."

ಅವನು ನೋಡಿದ. ಹೌದು. ಬೇಕೆಂದು ಬರೆದದ್ದಲ್ಲ, ಖುದಾನ ಆಣೆ. ಕೈ ತಾನಾಗಿ ಪಿನ್ನು ಒತ್ತಿ ಹತ್ತು ಇಳಿಸಿತ್ತು.

"ಹಾಳಿ ಬ್ಯಾಡ," ಎಂದಳು ಮುಮ್ತಾಜ. "ಕರಿಬಸಣ್ಣಾ, ಟಾಯರ್ ಟ್ರಾಲ್ಯಾಗ ಹಾಕ್ರಿ. ಕಬ್ಬಿಗೆ ಆಮ್ಯಾಲ ಹೋಗೂರಂತ, ಮೊದ್ಲ ದವಾಖಾನಿಗೆ ಹೋಗೂಣು."

"ವೈನಿ, ನನ್ನ ಕಬ್ಬು..."

"ನಿಮ್ಮ ಟಾಯರ್ ರಿಪೇರಿ ಮಾಡೂ ಕೈ ಅದಾವು ಇವು. ಇವು ಬಿದ್ರ ಮುಂದಿನ ವರ್ಷ ಯಾರ ಕಡೆ ಒಯ್ತೀರಿ?"

ಕರಿಬಸಪ್ಪ ತಲೆ ಕೆರೆದುಕೊಂಡು ಟಾಯರಿನ ಒಂದು ಬದಿ ಹಿಡಿದ.

ಹೀಗೆ ಅಂದು ದವಾಖಾನೆಯ ಅಂಗಳಕ್ಕೆ ಒಂದು ಟ್ರ್ಯಾಕ್ಟರು ಬಂತು. ಟ್ರಾಲಿಯಲ್ಲಿ ಒಂದು ಟಾಯರು, ಅದನ್ನು ಎರಡು ಕಡೆ ಹಿಡಿದು ಗಂಡ, ಹೆಂಡತಿ. ಗೇಟಿನ ಕಾವಲುಗಾರ "ಪೇಷಂಟ್ ಯಾರು?" ಎಂದ. ಕರಿಬಸಪ್ಪ ಹಿಂದುಮುಂದು ನೋಡದೆ ಟಾಯರು ತೋರಿಸಿದ. ಟಾಯರು ಬಾಗಿಲಲ್ಲಿ ಹಿಡಿಸದ್ದರಿಂದ ಡಾಕ್ಟರ್ ಹರೀಶರೇ ಹೊರಗೆ ಬಂದರು. ಮೊದಲು ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಟ್ರಾಲಿ ಹತ್ತಿ ಟಾಯರಿನ ಎದುರು ಕುಕ್ಕರುಗಾಲಲ್ಲಿ ಕೂತರು. ಆಮೇಲೆ ನಗಲಿಲ್ಲ. ವರದಿ ಕೊಡಲು ಬಂದಿದ್ದ ಸಹನಾ ಮೊಬೈಲಿನಲ್ಲಿ ಕೂಡಿಸುತ್ತಾ ಹೋದಳು. ಸರದಿಯಲ್ಲಿದ್ದ ಜನ ಸುತ್ತ ನೆರೆದು ಅಂಕಿ ಓದಿ ಹೇಳಿದರು.

"ಮೊದಲನೇ ದಿನದ್ದು ಬಿಡು," ಎಂದರು ಡಾಕ್ಟರು. "ಅವತ್ತು ಮಶಿನ್ನೂ ಹೊಸದು, ಅಂಜಿಕಿನೂ ಹೊಸದು."

ಉಳಿದ ಆರು ದಿನಗಳ ಸರಾಸರಿ ನೂರ ಐವತ್ತಾರು, ತೊಂಬತ್ತೆಂಟು.

"ಮನ್ಯಾಗ ನೂರಾ ಮೂವತ್ತೈದು–ಎಂಬತ್ತೈದು ದಾಟಿದ್ರನ ಹೆಚ್ಚು ಅಂತೇವಿ" ಎಂದು ಡಾಕ್ಟರು ಅವನತ್ತ ತಿರುಗಿದರು. "ಇದು ಚಾ ಕುಡಿಯೂ ಮೊದ್ಲ, ಐದ ನಿಮಿಷ ಕುಂತು ನೋಡಿದ್ದು ಹೌದಿಲ್ಲೊ?"

"ಹೌದ್ರಿ ಸರ."

"ಹಂಗಾರ ತಣ್ಣಗಿನ ಟಾಯರು."

ಬಂದೇನವಾಜ ಟಾಯರಿನ ಕಡೆ ನೋಡಿದ. ತನ್ನದೇ ಕಾಯ್ದೆ, ತನ್ನದೇ ಅಕ್ಷರ. ಮುಮ್ತಾಜ ಅವನ ಬಲಗೈ ಹಿಡಿದುಕೊಂಡಳು, ಅಷ್ಟು ಜನರ ಎದುರಿಗೇ. "ಸರ, ನಮ್ಮ ಅಬ್ಬಾಂದು ಈ ಕೈ ಹೋತ್ರಿ," ಎಂದ ಅವನು. "ನಂದು?"

"ನಿಮ್ಮ ಅಬ್ಬಾಂದು ಬಿದ್ದಮ್ಯಾಲ ಗೊತ್ತಾತು. ನಿಮ್ಮದು ನಿಂತಾಗ ಗೊತ್ತಾಗೇತಿ. ಆ ಭಾಗ್ಯ ಸಣ್ಣದಲ್ಲ. ಇಲ್ಲೀದಷ್ಟ ನೋಡಿ ನಾನೂ ಮೊದ್ಲ ಸರ್ತಿ ನಿಮ್ಮನ್ನ ಹೊಳ್ಳಿ ಕಳಿಸಿದ್ದೆ. ಈ ಟಾಯರ್ ತಡದು ನಿಂದರ್ಸ್ತು."

ರಕ್ತ, ಮೂತ್ರ, ಎದೆಯ ಇಸಿಜಿ ಎಲ್ಲ ನೋಡಿ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದರು. ಬೀಡಿ ಬಂದ್, ಮಿರ್ಚಿಯ ಮೇಲೆ ಉದುರಿಸುವ ಉಪ್ಪು ಬಂದ್, ಒಣಮೀನು ಹಬ್ಬಕ್ಕೊಮ್ಮೆ. "ಆರಾಮ ಆತಂತ ಗುಳಿಗಿ ಬಿಡಬ್ಯಾಡ್ರಿ. ಗಾಳಿ ಸರಿ ಆತಂತ ವಾಲ್ವ್ ಕಿತ್ತ ಒಗೀತೀರೇನು?" ಎಂದರು. ಪಂಕ್ಚರಿನವನ ಭಾಷೆ ಅವರಿಗೂ ಅಂಟಿತ್ತು.

ಕರಿಬಸಪ್ಪ ಆ ಟಾಯರನ್ನು ಹಾಕಿಕೊಂಡು ಕಬ್ಬಿಗೆ ಹೋದ. ಮೊದಲ ಗದ್ದೆಯ ಕೆಸರಿಗೆ ಇಪ್ಪತ್ತೆಂಟು ಅಂಕಿಗಳೂ ಅಳಿಸಿಹೋದವು. ಡಾಕ್ಟರು ಅಷ್ಟರೊಳಗೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದರು.

ಬೀಡಿ ಬಿಡಲು ಎರಡು ತಿಂಗಳು ಹಿಡಿಯಿತು, ನಡುವೆ ಮೂರು ಸಲ ಜಾರಿದ. ಗುಳಿಗೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಅದು ಹೊಲಿಗೆ ಯಂತ್ರದ ಗೂಡಿನಲ್ಲಿ ಇರುತ್ತಿತ್ತು, ಗೂಡಿನ ಕೀಲಿ ಸೆರಗಿನಲ್ಲಿ. ಅಂಕಿ ನಿಧಾನವಾಗಿ ಇಳಿಯಿತು: ನೂರ ನಲವತ್ತಾರು, ನೂರ ಮೂವತ್ತೆಂಟು, ನೂರ ಮೂವತ್ತು. ಈ ಸಲ ಗೋಡೆಯ ಕ್ಯಾಲೆಂಡರಿನಲ್ಲಿ ಮುಮ್ತಾಜಳೇ ಬರೆದಳು.

ಜೂನ್ ಒಂದಕ್ಕೆ ಬಂದೇನವಾಜನಿಗೆ ಐವತ್ಮೂರು ತುಂಬಿತು. ಬೆಳಿಗ್ಗೆ ಅಬ್ಬಾನ ಮಂಚದ ಮೇಲೆ ಐದು ನಿಮಿಷ ಕೂತು ನೋಡಿಕೊಂಡ: ನೂರ ಇಪ್ಪತ್ತಾರು, ಎಂಬತ್ತು. ದವಾಖಾನೆಯ ಅಂಕಿಯೇ ಮನೆಗೆ ಬಂದಿತ್ತು. ಆ ಹೊತ್ತಿಗೆ ಸಹನಾಳ ಸ್ಕೂಟರು ಅಂಗಡಿಯ ಮುಂದೆ ನಿಂತಿತು, ಎರಡೂ ಚಕ್ರ ಗಟ್ಟಿಯಾಗಿ.

"ಪಂಕ್ಚರ್ ಇಲ್ಲ ಚಾಚಾ. ಮಶಿನ್ನ ಹೊಳ್ಳಿ ಒಯ್ಯಾಕ ಬಂದೇನಿ. ಇದಕ್ಕಂತ ಪಾಳೆ ಹಚ್ಚಿ ನಿಂತಾರ ಮಂದಿ."

"ಒಯ್ರಿ, ಒಯ್ರಿ. ಆಲಿಯಾ ನಮಗ ಹೊಸದೊಂದು ಕಳಸ್ಯಾಳ," ಎಂದ. ಆಲಿಯಾ ಮುಂಡಗೋಡಕ್ಕೆ ಕೊಟ್ಟ ಮಗಳು. "ಕುಂದರ್ರಿ, ಚಾ ಕುಡದ ಹೋಗ್ರಿ."

ಅಂಗಡಿಯ ಗೂಡಿನಲ್ಲಿ ಅಬ್ಬಾ ಬಳಸುತ್ತಿದ್ದ ಹಿತ್ತಾಳೆಯ ಗಾಳಿಮಾಪಕವಿತ್ತು. ಅದರ ಪಕ್ಕದಲ್ಲಿ ಒಂದು ಬೆರಳುದ್ದದ ಮೊಳೆ. ಸಹನಾ ಗುರುತು ಹಿಡಿದಳು.

"ಅಯ್ಯ, ನನ್ನ ಮೊಳಿ! ಇದನ್ಯಾಕ ಇಟ್ಟೀರಿ?"

"ಯಾರ ಒಗದ್ರೋ ಗೊತ್ತಿಲ್ಲ ಸಿಸ್ಟರ್. ದಿನಾ ನಮಾಜಿನ್ಯಾಗ ಅವರಿಗೂ ಒಂದ ದುವಾ ಮಾಡ್ತೇನಿ. ನಿಮಗ ಮೊದ್ಲ, ಅವರಿಗೆ ಆಮ್ಯಾಲ."

"ನೀವ ಒಗದಿದ್ರ?"

"ನನಗ ನಾನ ದುವಾ ಮಾಡ್ಕೊಂಡಂಗ ಆತು ಬಿಡ್ರಿ."

ಮುಮ್ತಾಜ ಚಹಾದ ಕಿತ್ತಲಿ ತಂದಿಟ್ಟಳು. ಸುರಿಯಲು ಮುಂದಾದವಳನ್ನು ತಡೆದು ಬಂದೇನವಾಜ ತಾನೇ ಅದನ್ನು ಬಲಗೈಯಲ್ಲಿ ಎತ್ತಿ ಸಹನಾಳ ಕಪ್ಪಿಗೆ ತುಂಬಿದ, ಹೆಂಡತಿಯ ಬಸಿಗೆ ತುಂಬಿದ, ಕೊನೆಗೆ ತನ್ನದಕ್ಕೆ. ಬಸಿ ಅಂಚಿನವರೆಗೆ ತುಂಬಿತ್ತು. ಲುಂಗಿಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಮುಮ್ತಾಜ ಅದನ್ನೇ ನೋಡುತ್ತಿದ್ದಳು. ರಸ್ತೆಯಲ್ಲಿ ಯಾರೋ ಹಾರ್ನ್ ಒತ್ತಿದರು.

"ಬಂದೆ," ಎಂದ ಬಂದೇನವಾಜ, ಒಂದೇ ಸಲ, ಮೆಲ್ಲಗೆ. ಮೊದಲು ಚಹಾ ಕುಡಿದ.